ಆಲ್ಝೈಮರ್ ಕಾಯಿಲೆ: ವ್ಯಕ್ತಿಗೆ ತಕ್ಕ ಮುಂಜಾಗ್ರತೆ

ಆಲ್ಝೈಮರ್ ಕಾಯಿಲೆ ಮಿದುಳಿನ ನರಕೋಶಗಳು ನಿಧಾನವಾಗಿ ನಶಿಸುವ ರೋಗ. ನೆನಪು, ಮಾತು, ವಿವೇಚನೆ ಕುಂದಿ ದಿನನಿತ್ಯದ ಬದುಕಿಗೂ ಪರರ ಆಸರೆ ಬೇಕಾಗುವ ಸ್ಥಿತಿಗೆ ಡಿಮೆನ್ಷಿಯಾ ಎನ್ನುತ್ತಾರೆ. ಅದಕ್ಕೆ ಅತಿ ಸಾಮಾನ್ಯ ಕಾರಣ ಈ ರೋಗ. ಹೊರಗೆ ಲಕ್ಷಣ ಕಾಣಿಸಿಕೊಳ್ಳುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮಿದುಳಿನೊಳಗೆ ಇದರ ಕೆಲಸ ಶುರುವಾಗಿರುತ್ತದೆ. ಆ ನಡುವಿನ ಕಾಲದಲ್ಲಿ ಒಬ್ಬೊಬ್ಬರ ವಂಶವಾಹಿ, ರಕ್ತದೊತ್ತಡ, ಸಕ್ಕರೆ ಪ್ರಮಾಣ, ಶ್ರವಣಶಕ್ತಿ, ಆಹಾರ, ಓದು, ಒಡನಾಟಗಳನ್ನು ಪರೀಕ್ಷಿಸಿ, ಆ ವ್ಯಕ್ತಿಗೆ ಯಾವುದರಿಂದ ಅಪಾಯ ಹೆಚ್ಚೋ ಅದನ್ನು ಸರಿಪಡಿಸಿ, ರೋಗವನ್ನು ತಡೆಯುವ ಅಥವಾ ಮುಂದೂಡುವ ಪ್ರಯತ್ನವೇ ವ್ಯಕ್ತಿಗೆ ತಕ್ಕ ಮುಂಜಾಗ್ರತೆ. ಕಳೆದ ಎರಡು ದಶಕಗಳಲ್ಲಿ ಇದು ವೈದ್ಯವಿಜ್ಞಾನದ ಒಂದು ಪ್ರತ್ಯೇಕ ಶಾಖೆಯಷ್ಟು ಬೆಳೆದಿದೆ. ಆದರೂ ಅರವತ್ತಕ್ಕೆ ಅರಳುಮರುಳು ಎಂದು ಮನೆಯವರು ಸುಮ್ಮನಾಗುವುದು ಇಂದಿಗೂ ಸಾಮಾನ್ಯ. ವೈದ್ಯರ ಬಳಿ ಬರುವ ಹೊತ್ತಿಗೆ ಹೆಚ್ಚಿನವರಲ್ಲಿ ತಡೆಯುವ ಕಾಲ ದಾಟಿರುತ್ತದೆ.

ರೋಗದ ಮೌನಕಾಲ

1906ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಅಲೋಯಿಸ್ ಆಲ್ಝೈಮರ್ ತಾವು ಫ್ರಾಂಕ್‌ಫರ್ಟ್‌ನಲ್ಲಿ ಕಂಡಿದ್ದ ಒಬ್ಬ ಮಹಿಳೆಯ ವಿಷಯ ಮಂಡಿಸಿದರು. ಐವತ್ತರ ಆಸುಪಾಸಿನಲ್ಲೇ ಮರೆವು, ಸಂಶಯ, ದಿಕ್ಕುತಪ್ಪುವಿಕೆಗಳಿಂದ ನರಳಿದ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೋಶಗಳ ಹೊರಗೆ ಗಡ್ಡೆಗಟ್ಟಿದ ಕಲೆಗಳೂ ಒಳಗೆ ಸಿಕ್ಕುಬಿದ್ದ ಎಳೆಗಳೂ ಕಂಡಿದ್ದವು. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಮನೋವೈದ್ಯ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರ್ ಹೆಸರನ್ನೇ ಕೊಟ್ಟರು. ಕಲೆಗಳಲ್ಲಿರುವುದು ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕೆಂದು ತಿಳಿದದ್ದು 1984ರಲ್ಲಿ, ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಅವರ ಕೆಲಸದಿಂದ. ಸಿಕ್ಕುಗಳಲ್ಲಿರುವುದು ಟಾವ್ ಎಂಬ ಇನ್ನೊಂದು ಪ್ರೋಟೀನು.

ಇವೆರಡೂ ಯಾವಾಗ ಕೂಡಿಕೊಳ್ಳಲು ಆರಂಭಿಸುತ್ತವೆ? ಇದಕ್ಕೆ ಖಚಿತ ಉತ್ತರ ಬಂದದ್ದು ವಂಶಪಾರಂಪರ್ಯವಾಗಿ ಎಳೆ ವಯಸ್ಸಿನಲ್ಲೇ ರೋಗ ಬರುವ ಕುಟುಂಬಗಳಿಂದ. ಅಂಥ ಕುಟುಂಬಗಳಲ್ಲಿ ತಂದೆಗೋ ತಾಯಿಗೋ ಯಾವ ವಯಸ್ಸಿಗೆ ರೋಗ ಬಂತೋ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಮಕ್ಕಳಿಗೂ ಬರುತ್ತದೆ. ಹಾಗಾಗಿ ಆರೋಗ್ಯವಂತ ಮಗನನ್ನೋ ಮಗಳನ್ನೋ ಪರೀಕ್ಷಿಸಿ, ರೋಗಕ್ಕೆ ಇನ್ನು ಎಷ್ಟು ವರ್ಷ ಇದೆ ಎಂದು ಲೆಕ್ಕ ಹಾಕಬಹುದು. 2012ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಇದನ್ನೇ ಮಾಡಿತು. ಲಕ್ಷಣ ಕಾಣುವ ಸುಮಾರು 25 ವರ್ಷ ಮೊದಲು ಬೆನ್ನುಹುರಿ ದ್ರವದಲ್ಲಿ ಅಮಿಲಾಯ್ಡ್ ಪ್ರಮಾಣ ಇಳಿಯತೊಡಗುತ್ತದೆ. 15 ವರ್ಷ ಮೊದಲು ಮಿದುಳಿನ ಸ್ಕ್ಯಾನ್‌ನಲ್ಲಿ ಅದರ ಶೇಖರಣೆ ಕಾಣುತ್ತದೆ. 10 ವರ್ಷ ಮೊದಲು ನೆನಪಿನ ಸೂಕ್ಷ್ಮ ಕುಸಿತ ಪರೀಕ್ಷೆಯಲ್ಲಿ ಸಿಗುತ್ತದೆ. ನಲವತ್ತು ಐವತ್ತರ ವಯಸ್ಸೇ ತಡೆಯುವ ಕಾಲ ಎಂಬ ಮಾತಿಗೆ ಬಲ ಬಂದದ್ದು ಈ ಲೆಕ್ಕಾಚಾರದಿಂದ.

ವಂಶವಾಹಿಗಳು

ವಂಶವಾಹಿಯ ಅಪಾಯ ಎರಡು ಬಗೆಯದು. ಎರಡನ್ನೂ ಒಂದೇ ಎಂದುಕೊಂಡರೆ ಸುಮ್ಮನೆ ಭಯ ಹುಟ್ಟುತ್ತದೆ. ಮೊದಲನೆಯದು ಅಪರೂಪದ್ದು: ಎಪಿಪಿ, ಪ್ರಿಸೆನಿಲಿನ್ 1, ಪ್ರಿಸೆನಿಲಿನ್ 2 ಎಂಬ ಮೂರು ಜೀನ್‌ಗಳಲ್ಲಿ ಒಂದರ ದೋಷ. ಇದನ್ನು ಪಡೆದವರಿಗೆ ರೋಗ ಬಹುತೇಕ ಖಚಿತ, ಮಕ್ಕಳಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಎರಡನೆಯದು ಎಲ್ಲೆಡೆ ಇರುವ ಎಪಿಒಇ ಜೀನ್. ಇದಕ್ಕೆ ಇ2, ಇ3, ಇ4 ಎಂಬ ಮೂರು ರೂಪಗಳಿವೆ. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಇ4 ಅಪಾಯ ಹೆಚ್ಚಿಸುತ್ತದೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅಲೆನ್ ರೋಸೆಸ್ ತಂಡ 1993ರಲ್ಲಿ ತೋರಿಸಿತು. ಯುರೋಪ್ ಮೂಲದವರಲ್ಲಿ ಒಂದು ಇ4 ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು. ಜಪಾನೀಯರಲ್ಲಿ ಇದರ ಪರಿಣಾಮ ಇನ್ನೂ ಹೆಚ್ಚು, ಆಫ್ರಿಕ ಮೂಲದವರಲ್ಲಿ ಕಡಿಮೆ. ಇ2 ರಕ್ಷಣೆ ಕೊಡುತ್ತದೆ. ಇ4 ಇದ್ದೂ ತೊಂಬತ್ತು ದಾಟಿ ಚುರುಕಾಗಿರುವವರಿದ್ದಾರೆ, ಅದಿಲ್ಲದೆ ರೋಗಕ್ಕೆ ತುತ್ತಾದವರೂ ಇದ್ದಾರೆ. ಈ ಜೀನ್ ಹೇಳುವುದು ಸಾಧ್ಯತೆಯನ್ನು ಮಾತ್ರ.

ಅಪರೂಪದ ಬಗೆಯ ಬಗ್ಗೆ ಜಗತ್ತು ಕಲಿತದ್ದರಲ್ಲಿ ದೊಡ್ಡ ಪಾಲು ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತದ ಕುಟುಂಬಗಳಿಂದ ಬಂದದ್ದು. ನರವೈದ್ಯ ಫ್ರಾನ್ಸಿಸ್ಕೊ ಲೊಪೆರಾ ಮೆಡೆಲಿನ್ ನಗರದಿಂದ ಬೆಟ್ಟದ ಹಳ್ಳಿಗಳಿಗೆ ಹೋಗಿ, ಗಲಭೆಯ ವರ್ಷಗಳಲ್ಲೂ ಬಿಡದೆ, ನಲವತ್ತರ ಮಧ್ಯದಲ್ಲೇ ಮರೆವು ಶುರುವಾಗುವ ಈ ಮನೆತನಗಳ ವಂಶವೃಕ್ಷ ಬರೆದರು. ಸುಮಾರು 6,000 ಬಂಧುಗಳ ಈ ಬಳಗದಲ್ಲಿ ಪ್ರಿಸೆನಿಲಿನ್ 1 ಜೀನ್‌ನ ಒಂದೇ ದೋಷ ತಲೆಮಾರುಗಳಿಂದ ಹರಿದು ಬಂದಿದೆ. ಲಕ್ಷಣ ಕಾಣುವ ಮೊದಲೇ ಔಷಧ ಕೊಟ್ಟು ನೋಡುವ ಮೊದಮೊದಲ ದೊಡ್ಡ ಪ್ರಯೋಗಕ್ಕೆ ಇವರಲ್ಲಿ 252 ಮಂದಿ ಮುಂದೆ ಬಂದರು. ಕ್ರೆನೆಝುಮ್ಯಾಬ್ ಎಂಬ ಆ ಔಷಧದಿಂದ ಹೇಳಿಕೊಳ್ಳುವಷ್ಟು ಫಲ ಸಿಗಲಿಲ್ಲವೆಂದು 2022ರಲ್ಲಿ ಗೊತ್ತಾಯಿತು. ಆದರೆ ಅದೇ ಬಳಗದ ಒಬ್ಬ ಮಹಿಳೆ ಎಲ್ಲರನ್ನೂ ಬೆರಗುಗೊಳಿಸಿದರು. ದೋಷದ ಜೀನ್ ಇದ್ದೂ ಅವರಿಗೆ ಎಪ್ಪತ್ತು ದಾಟುವವರೆಗೆ ಮರೆವಿನ ತೊಂದರೆ ಬರಲಿಲ್ಲ. ಮಿದುಳಿನ ತುಂಬ ಅಮಿಲಾಯ್ಡ್ ಇತ್ತು, ಟಾವ್ ಮಾತ್ರ ತೀರ ಕಡಿಮೆ. ಅವರ ಎಪಿಒಇ ಜೀನ್‌ನ ಎರಡೂ ಪ್ರತಿಗಳಲ್ಲಿ ಕ್ರೈಸ್ಟ್‌ಚರ್ಚ್ ಎಂಬ ಅಪೂರ್ವ ಬದಲಾವಣೆ ಇದೆಯೆಂದು 2019ರಲ್ಲಿ ವರದಿಯಾಯಿತು. ಅದರ ಒಂದೇ ಪ್ರತಿ ಇರುವ ಬಂಧುಗಳಲ್ಲೂ ರೋಗ ಸುಮಾರು ಐದು ವರ್ಷ ತಡವಾಗುತ್ತದೆಂದು 2024ರಲ್ಲಿ ತಿಳಿಯಿತು. ಅಮಿಲಾಯ್ಡ್ ತುಂಬಿದ ಮೇಲೂ ಟಾವ್ ಹರಡದಂತೆ ತಡೆಯಲು ದಾರಿಯಿದೆ ಎಂಬ ಸುಳಿವು ಇದು. ಈಗ ಔಷಧ ಹುಡುಕುವವರಲ್ಲಿ ಹಲವರು ಈ ಜಾಡನ್ನು ಹಿಡಿದಿದ್ದಾರೆ.

ಜೀನ್ ಪರೀಕ್ಷೆಯನ್ನು ಎಲ್ಲರೂ ಮಾಡಿಸಿಕೊಳ್ಳಬೇಕೇ? ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮನ್ನು ಬಹಿರಂಗಪಡಿಸಿದಾಗ ಎಪಿಒಇ ಭಾಗವನ್ನು ಮಾತ್ರ ತಮಗೂ ಹೇಳಬಾರದೆಂದು ಕೇಳಿಕೊಂಡಿದ್ದರು. ಅಮೆರಿಕದಲ್ಲಿ ರಾಬರ್ಟ್ ಗ್ರೀನ್ ತಂಡ ರೋಗಿಗಳ ಮಕ್ಕಳಿಗೆ ಈ ಫಲಿತಾಂಶವನ್ನು ಸಮಾಲೋಚನೆಯೊಂದಿಗೆ ತಿಳಿಸಿ ನೋಡಿದಾಗ, ಹೆಚ್ಚಿನವರು ಅದನ್ನು ಕುಗ್ಗದೆ ಸ್ವೀಕರಿಸಿದರು. ಅಲ್ಲಿ ಫಲ ಕೊಟ್ಟದ್ದು ಪರೀಕ್ಷೆಯ ಜತೆಗಿದ್ದ ಸಮಾಲೋಚನೆ. ತಿಳಿಹೇಳುವವರಿಲ್ಲದೆ ಬರೀ ವರದಿಯ ಕಾಗದ ಕೈಗೆ ಬಂದರೆ ಅದು ಒಬ್ಬ ವ್ಯಕ್ತಿಯ ಜತೆಗೆ ಅವರ ಒಡಹುಟ್ಟಿದವರ, ಮಕ್ಕಳ ನೆಮ್ಮದಿಯನ್ನೂ ಕೆಡಿಸಬಲ್ಲದು.

ರೋಗದ ಗುರುತುಗಳು

ಬದುಕಿರುವವರ ಮಿದುಳಿನಲ್ಲಿ ಅಮಿಲಾಯ್ಡ್ ಇದೆಯೇ ಎಂದು ನೋಡಲು 2004ರವರೆಗೆ ದಾರಿ ಇರಲಿಲ್ಲ. ಆ ವರ್ಷ ಪಿಟ್ಸ್‌ಬರ್ಗ್‌ನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ತಯಾರಿಸಿದ ರಾಸಾಯನಿಕದ ನೆರವಿನಿಂದ ಪೆಟ್ ಸ್ಕ್ಯಾನ್‌ನಲ್ಲಿ ಅದು ಕಾಣಿಸಿತು. ಅದು ದುಬಾರಿ ಪರೀಕ್ಷೆ. ಬೆನ್ನುಹುರಿ ದ್ರವ ತೆಗೆಸಿಕೊಳ್ಳಲು ಜನ ಹೆದರುತ್ತಾರೆ. ಈಗ ರಕ್ತದಲ್ಲೇ ಪಿ-ಟಾವ್ 217 ಎಂಬ ಗುರುತನ್ನು ಅಳೆಯಬಹುದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಆದರೆ ಒಪ್ಪಿಗೆ ಇರುವುದು ಈಗಾಗಲೇ ಮರೆವಿನ ಲಕ್ಷಣ ಇರುವವರಿಗೆ. ಆರೋಗ್ಯವಂತರು ಕುತೂಹಲಕ್ಕೆ ಮಾಡಿಸಿಕೊಳ್ಳುವುದಕ್ಕಲ್ಲ.

ಗುರುತು ಇದ್ದು ಲಕ್ಷಣ ಇಲ್ಲದವರನ್ನು ರೋಗಿ ಎನ್ನಬೇಕೇ ಎಂಬುದರಲ್ಲಿ ತಜ್ಞರೇ ಎರಡು ಪಾಳೆಯ. ಅಮೆರಿಕದ ಆಲ್ಝೈಮರ್ಸ್ ಅಸೋಸಿಯೇಷನ್ 2024ರಲ್ಲಿ ಪ್ರಕಟಿಸಿದ ಮಾನದಂಡ, ಗುರುತು ಕಂಡರೆ ರೋಗ ಇದೆ ಎನ್ನುತ್ತದೆ. ಅಂತರರಾಷ್ಟ್ರೀಯ ಕಾರ್ಯತಂಡವೊಂದು ಅಂಥವರನ್ನು ಅಪಾಯದಲ್ಲಿರುವವರು ಎಂದಷ್ಟೇ ಕರೆಯುತ್ತದೆ. ಎರಡನೆಯ ನಿಲುವೇ ಹೆಚ್ಚು ಮಾನವೀಯವಾಗಿ ತೋರುತ್ತದೆ. ಅಮಿಲಾಯ್ಡ್ ಇರುವ ಅನೇಕರು ಬದುಕಿನುದ್ದಕ್ಕೂ ಮರೆವಿಗೆ ಒಳಗಾಗದೆ ಬೇರೆ ಕಾರಣದಿಂದ ತೀರಿಕೊಳ್ಳುತ್ತಾರೆ. ಐವತ್ತೈದರಲ್ಲೇ ಅವರಿಗೆ ರೋಗಿಯೆಂಬ ಹಣೆಪಟ್ಟಿ ಹಚ್ಚಿ ಆಗುವ ಉಪಕಾರವೇನು?

ಬದಲಿಸಬಹುದಾದ ಅಪಾಯಗಳು

ಲಂಡನ್ನಿನ ಜಿಲ್ ಲಿವಿಂಗ್‌ಸ್ಟನ್ ನೇತೃತ್ವದ ಲ್ಯಾನ್ಸೆಟ್ ಆಯೋಗ 2017ರಲ್ಲಿ ಒಂಬತ್ತು, 2020ರಲ್ಲಿ ಹನ್ನೆರಡು, 2024ರಲ್ಲಿ ಹದಿನಾಲ್ಕು ಅಪಾಯಗಳನ್ನು ಹೆಸರಿಸಿತು. ಎಳವೆಯಲ್ಲಿ ಓದು ಸಿಗದಿರುವುದು, ಕಿವಿ ಮಂದವಾಗುವುದು, ಕೆಟ್ಟ ಕೊಲೆಸ್ಟರಾಲ್, ಖಿನ್ನತೆ, ತಲೆಗೆ ಪೆಟ್ಟು, ಮೈ ಆಡಿಸದಿರುವುದು, ಸಕ್ಕರೆ ಕಾಯಿಲೆ, ಧೂಮಪಾನ, ಬಿಪಿ, ಬೊಜ್ಜು, ಅತಿಯಾದ ಮದ್ಯ, ಒಂಟಿತನ, ಹೊಗೆ ತುಂಬಿದ ಗಾಳಿ, ತಿದ್ದದೆ ಬಿಟ್ಟ ದೃಷ್ಟಿದೋಷ: ಇವೆಲ್ಲ ತೊಲಗಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಡೆಯುವ ಅಥವಾ ಮುಂದೂಡುವ ಸಾಧ್ಯತೆ ಇದೆಯೆಂದು ಅದು ಅಂದಾಜಿಸಿದೆ. ಇದು ಜನಸಮುದಾಯದ ಲೆಕ್ಕ. ಒಬ್ಬ ವ್ಯಕ್ತಿಗೆ ಇದರಲ್ಲಿ ಮೂರೋ ನಾಲ್ಕೋ ಅನ್ವಯಿಸುತ್ತವೆ, ಅವು ಯಾವುವು ಎಂದು ಹುಡುಕುವುದರಲ್ಲೇ ವೈದ್ಯರ ಕೌಶಲ ಇದೆ.

ಹುಡುಕುವಾಗ ವಯಸ್ಸನ್ನೂ ನೋಡಬೇಕು. ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ಐವತ್ತನೆಯ ವಯಸ್ಸಿನಲ್ಲಿ ಮೇಲಿನ ಬಿಪಿ 130 ಮುಟ್ಟಿದ್ದವರಿಗೆ ಮುಂದೆ ಡಿಮೆನ್ಷಿಯಾ ಹೆಚ್ಚು ಬಂತು. ಅರವತ್ತು ಎಪ್ಪತ್ತರಲ್ಲಿ ಅಳೆದ ಅದೇ ಅಂಕಿಗೆ ಆ ನಂಟು ಕಾಣಲಿಲ್ಲ. ನಡುವಯಸ್ಸಿನ ಬೊಜ್ಜು ಅಪಾಯ, ಇಳಿವಯಸ್ಸಿನಲ್ಲಿ ಕಾರಣವಿಲ್ಲದೆ ತೂಕ ಇಳಿದರೆ ಅದು ರೋಗದ ಮುನ್ಸೂಚನೆಯೇ ಆಗಿರಬಹುದು. ಮುಟ್ಟು ನಿಂತ ಮೇಲೆ ಕೊಡುವ ಹಾರ್ಮೋನು ಮಿದುಳನ್ನು ಕಾಪಾಡುತ್ತದೆಂದು ನಂಬಿದ್ದ ಕಾಲವಿತ್ತು. 65 ದಾಟಿದ ಮಹಿಳೆಯರಿಗೆ ಎರಡು ಹಾರ್ಮೋನು ಸೇರಿಸಿ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ಡಿಮೆನ್ಷಿಯಾ ಇಮ್ಮಡಿಯಾದದ್ದು 2003ರಲ್ಲಿ ಗೊತ್ತಾಯಿತು. ಯಾರಿಗೆ, ಯಾವ ವಯಸ್ಸಿನಲ್ಲಿ ಎಂದು ಕೇಳದೆ ಕೊಡುವ ಮದ್ದು ಕೇಡನ್ನೂ ಮಾಡಬಲ್ಲದು.

ಬಿಪಿಯ ಮಟ್ಟಿಗೆ ಸಾಕ್ಷ್ಯ ಗಟ್ಟಿಯಾಗಿದೆ. 9,361 ಜನರ ಮೇಲೆ ನಡೆದ ಸ್ಪ್ರಿಂಟ್ ಪ್ರಯೋಗದಲ್ಲಿ ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟಾಗ, ಡಿಮೆನ್ಷಿಯಾಕ್ಕೆ ಮುಂಚಿನ ಹಂತವಾದ ಅಲ್ಪ ಪ್ರಮಾಣದ ಮರೆವು ಶೇ. 19ರಷ್ಟು ಕಡಿಮೆಯಾಯಿತು. ಕಿವಿಯ ವಿಷಯ ಇನ್ನೂ ಅರ್ಥಪೂರ್ಣ. ಕಿವಿ ಮಂದವಾದ 70ರಿಂದ 84 ವಯಸ್ಸಿನ 977 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಶ್ರವಣಸಾಧನ ಕೊಟ್ಟು ಮೂರು ವರ್ಷ ನೋಡಿದ ಅಮೆರಿಕದ ಪ್ರಯೋಗದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ಬೇರೆ ಅಪಾಯಗಳೂ ಹೆಚ್ಚಿದ್ದ ಗುಂಪಿನಲ್ಲಿ ಬುದ್ಧಿಶಕ್ತಿಯ ಕುಸಿತದ ವೇಗ ಶೇ. 48ರಷ್ಟು ತಗ್ಗಿತು. ಸರಾಸರಿ ನೋಡಿದರೆ ವ್ಯರ್ಥ ಎನಿಸಿದ್ದು, ಸರಿಯಾದ ವ್ಯಕ್ತಿಗೆ ಕೊಟ್ಟಾಗ ಫಲಿಸಿತು. ನಮ್ಮಲ್ಲಿ ಕನ್ನಡಕ ಹಾಕಲು ಹಿಂಜರಿಯದವರೂ ಕಿವಿಗೆ ಮಿಷನ್ ಹಾಕಲು ನಾಚುತ್ತಾರೆ. ಆ ನಾಚಿಕೆ ಮಿದುಳಿಗೆ ಬಹಳ ತುಟ್ಟಿ.

ಸಸ್ಯಾಹಾರಿಗಳು ಹೆಚ್ಚಿರುವ ನಮ್ಮ ಮನೆಗಳು ಗಮನಿಸಬೇಕಾದದ್ದು ಬಿ12 ವಿಟಮಿನ್. ಇದರ ಕೊರತೆಯಿಂದಲೇ ಮರೆವು ಬರಬಹುದು, ಆರಂಭದಲ್ಲೇ ಗುರುತಿಸಿದರೆ ಅದು ವಾಸಿಯಾಗುತ್ತದೆ. ಬಿ12, ಫೋಲಿಕ್ ಆಮ್ಲ ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಏರುತ್ತದೆ. ಆಕ್ಸ್‌ಫರ್ಡ್‌ನ ಡೇವಿಡ್ ಸ್ಮಿತ್ ತಂಡ ಅಲ್ಪ ಮರೆವಿದ್ದ ವೃದ್ಧರಿಗೆ ಎರಡು ವರ್ಷ ಬಿ ವಿಟಮಿನ್‌ಗಳನ್ನು ಕೊಟ್ಟು 2010ರಲ್ಲಿ ಪ್ರಕಟಿಸಿದ ವರದಿ ಹೀಗಿದೆ: ಮಿದುಳು ಕುಗ್ಗುವ ವೇಗ ಸರಾಸರಿ ಶೇ. 30ರಷ್ಟು ತಗ್ಗಿತು, ಹೋಮೋಸಿಸ್ಟೀನ್ ಹೆಚ್ಚಿದ್ದವರಲ್ಲಿ ಶೇ. 53ರಷ್ಟು. ಅದು ಕಡಿಮೆ ಇದ್ದವರಿಗೆ ಗುಳಿಗೆಯಿಂದ ಲಾಭವಾಗಲಿಲ್ಲ. ರಕ್ತಪರೀಕ್ಷೆ ಮೊದಲು, ಗುಳಿಗೆ ಆಮೇಲೆ ಎಂಬ ಕ್ರಮಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಹಾಗೆಯೇ, ನೆನಪಿನ ಶಕ್ತಿಗೆಂದು ಮಾರುವ ಗಿಂಕ್ಗೊ ಎಲೆಯ ಸಾರ 3,069 ಜನರ ದೊಡ್ಡ ಪ್ರಯೋಗದಲ್ಲಿ ಡಿಮೆನ್ಷಿಯಾವನ್ನು ತಡೆಯಲಿಲ್ಲ. ಒಂದೆಲಗದ ತಂಬುಳಿ ಊಟಕ್ಕೆ ಹಿತವಾದದ್ದು, ಬಿಡಬೇಕಿಲ್ಲ. ಅದು ಆಲ್ಝೈಮರ್ ತಡೆಯುತ್ತದೆಂದು ತೋರಿಸಿದ ಅಂಥ ದೊಡ್ಡ ಪ್ರಯೋಗ ಮಾತ್ರ ಇಲ್ಲ.

ಹಲವನ್ನು ಒಟ್ಟಿಗೆ ಹಿಡಿದ ಪ್ರಯೋಗಗಳು

ಫಿನ್ಲೆಂಡಿನ ಮಿಯಾ ಕಿವಿಪೆಲ್ಟೊ ಮತ್ತು ಸಂಗಡಿಗರು 60ರಿಂದ 77 ವಯಸ್ಸಿನ 1,260 ಮಂದಿಯನ್ನು ಅಪಾಯದ ಅಂಕ ನೋಡಿ ಆರಿಸಿ, ಅರ್ಧದಷ್ಟು ಜನರಿಗೆ ಎರಡು ವರ್ಷ ಆಹಾರಕ್ರಮ, ವ್ಯಾಯಾಮ, ಬುದ್ಧಿಗೆ ತರಬೇತಿ, ಬಿಪಿ-ಸಕ್ಕರೆಯ ನಿಗಾ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ಉಳಿದವರಿಗೆ ಸಾಮಾನ್ಯ ಆರೋಗ್ಯ ಸಲಹೆ ಮಾತ್ರ. ಫಿಂಗರ್ ಎಂಬ ಈ ಪ್ರಯೋಗದ ಫಲಿತಾಂಶ 2015ರಲ್ಲಿ ಬಂದಾಗ ಮೊದಲ ಗುಂಪಿನ ಬುದ್ಧಿಶಕ್ತಿಯ ಸುಧಾರಣೆ ಶೇ. 25ರಷ್ಟು ಹೆಚ್ಚಿತ್ತು. ಆದರೆ ನೆದರ್ಲೆಂಡ್ಸ್ ಮತ್ತು ಫ್ರಾನ್ಸಿನಲ್ಲಿ ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಡೆದ ಇಂಥ ಪ್ರಯೋಗಗಳು ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಅಲ್ಲಿ ಅಪಾಯದ ಮಟ್ಟ ನೋಡಿ ಜನರನ್ನು ಆರಿಸುವುದು ಫಿನ್ಲೆಂಡಿನಷ್ಟು ಬಿಗಿಯಾಗಿರಲಿಲ್ಲ. 2025ರ ಜುಲೈಯಲ್ಲಿ ಅಮೆರಿಕದ 2,111 ಮಂದಿಯ ಪಾಯಿಂಟರ್ ಪ್ರಯೋಗದ ಫಲಿತಾಂಶ ಬಂತು: ಗುಂಪಾಗಿ ಸೇರಿಸಿ, ಬೆನ್ನುಹತ್ತಿ ಮಾಡಿಸಿದವರೂ ತಮ್ಮ ಪಾಡಿಗೆ ಮಾಡಿಕೊಂಡವರೂ ಸುಧಾರಿಸಿದರು, ಮೊದಲಿನವರು ಸ್ವಲ್ಪ ಹೆಚ್ಚು.

ಇವು ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟ ಪ್ರಯೋಗಗಳು. ಒಬ್ಬೊಬ್ಬರಿಗೆ ಬೇರೆ ಬೇರೆ ಪಟ್ಟಿ ಕೊಟ್ಟರೆ? ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ರಿಚರ್ಡ್ ಐಸಾಕ್ಸನ್ 2013ರಲ್ಲಿ ಆಲ್ಝೈಮರ್ ತಡೆ ಚಿಕಿತ್ಸಾಲಯ ತೆರೆದು, ರಕ್ತ, ಜೀನ್, ಮೈಕಟ್ಟು, ನೆನಪುಗಳನ್ನು ಅಳೆದು ಪ್ರತಿಯೊಬ್ಬರಿಗೆ ಸರಾಸರಿ 21 ಸೂಚನೆಗಳನ್ನು ಕೊಟ್ಟರು. 2019ರ ವರದಿಯಲ್ಲಿ, ಅಲ್ಪ ಮರೆವಿದ್ದವರಲ್ಲಿ ಸೂಚನೆಗಳನ್ನು ಶೇ. 60ಕ್ಕಿಂತ ಹೆಚ್ಚು ಪಾಲಿಸಿದವರ ನೆನಪು ಸುಧಾರಿಸಿತ್ತು. ಆಶಾದಾಯಕವಾದರೂ ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಶಿಸ್ತಿನಿಂದ ಪಾಲಿಸಬಲ್ಲವರ ಮಿದುಳು ಮೊದಲೇ ಗಟ್ಟಿಯಾಗಿತ್ತೇನೋ ಎಂಬ ಪ್ರಶ್ನೆ ಉಳಿಯುತ್ತದೆ. ಆ ಕೊರತೆ ತುಂಬಿದ್ದು ಕ್ರಿಸ್ಟಿನ್ ಯಾಫ್ ಅವರ ತಂಡ 2023ರಲ್ಲಿ ಪ್ರಕಟಿಸಿದ ಸ್ಮಾರ್ಟ್ ಪ್ರಯೋಗ. 70ರಿಂದ 89 ವಯಸ್ಸಿನ 172 ಜನರಲ್ಲಿ ಅರ್ಧದವರ ಜತೆ ನರ್ಸ್ ಮತ್ತು ಆರೋಗ್ಯ ಮಾರ್ಗದರ್ಶಕರು ಕೂತು, ಅವರವರ ಅಪಾಯಗಳಲ್ಲಿ ಯಾವುದನ್ನು ಮೊದಲು ತಿದ್ದಬೇಕೆಂದು ಅವರಿಂದಲೇ ಆರಿಸಿಸಿದರು. ಎರಡು ವರ್ಷಗಳ ಬಳಿಕ ಅವರ ಬುದ್ಧಿಶಕ್ತಿಯ ಸುಧಾರಣೆ ಇನ್ನೊಂದು ಗುಂಪಿಗಿಂತ ಶೇ. 74ರಷ್ಟು ಹೆಚ್ಚಿತ್ತು. ಗುಂಪು ಚಿಕ್ಕದು, ವ್ಯತ್ಯಾಸದ ನಿಜ ಗಾತ್ರವೂ ಸಾಧಾರಣ. ಆದರೆ ಯಾವ ದುಬಾರಿ ಔಷಧವೂ ಇಲ್ಲದೆ, ನರ್ಸೊಬ್ಬರು ಮಾಡಬಹುದಾದ ಕೆಲಸದಿಂದ ಬಂದ ಫಲ ಇದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊಂದುವ ಮಾದರಿ ಯಾವುದಾದರೂ ಇದ್ದರೆ ಅದು ಇದೇ.

ಔಷಧಗಳು

ಅಮಿಲಾಯ್ಡ್ ತೆಗೆಯುವ ಲೆಕನೆಮ್ಯಾಬ್ 2023ರಲ್ಲಿ, ಡೊನನೆಮ್ಯಾಬ್ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದವು. ಆರಂಭಿಕ ಲಕ್ಷಣ ಇರುವವರಲ್ಲಿ ಲೆಕನೆಮ್ಯಾಬ್ 18 ತಿಂಗಳಲ್ಲಿ ಕುಸಿತವನ್ನು ಶೇ. 27ರಷ್ಟು ನಿಧಾನಿಸಿತು. ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಇವುಗಳ ಅಡ್ಡಪರಿಣಾಮ. ಲೆಕನೆಮ್ಯಾಬ್ ಪಡೆದವರಲ್ಲಿ ಊತ ಒಟ್ಟಾರೆ ಶೇ. 12.6 ಮಂದಿಯಲ್ಲಿ ಕಂಡರೆ, ಎರಡು ಇ4 ಇದ್ದವರಲ್ಲಿ ಶೇ. 32.6ರಷ್ಟಿತ್ತು. ಹೀಗಾಗಿ ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟ ಎರಡು ಇ4 ಇರುವವರನ್ನು ತಾವು ಕೊಟ್ಟ ಅನುಮತಿಯಿಂದ ಹೊರಗಿಟ್ಟಿವೆ. ಲಕ್ಷಣ ಬರುವ ಮೊದಲೇ ಕೊಟ್ಟರೆ ಹೇಗೆಂಬ ಪ್ರಶ್ನೆಗೆ ಉತ್ತರ ಇನ್ನೂ ಪೂರ್ಣವಾಗಿಲ್ಲ. ಸೊಲನೆಝುಮ್ಯಾಬ್ ಎಂಬ ಹಳೆಯ ಔಷಧ 2023ರಲ್ಲಿ ಈ ಪರೀಕ್ಷೆಯಲ್ಲಿ ಸೋತಿತು. ಜೀನ್ ದೋಷವಿರುವ ಕುಟುಂಬಗಳಲ್ಲಿ ಗ್ಯಾಂಟೆನೆರುಮ್ಯಾಬ್ ಔಷಧವನ್ನು ಸರಾಸರಿ ಎಂಟು ವರ್ಷ ಪಡೆದ, ಲಕ್ಷಣವಿಲ್ಲದ ಸಣ್ಣ ಗುಂಪೊಂದರಲ್ಲಿ ರೋಗ ಕಾಣಿಸಿಕೊಳ್ಳುವ ಅಪಾಯ ಅರ್ಧಕ್ಕಿಳಿದಂತೆ 2025ರ ವರದಿ ಹೇಳುತ್ತದೆ.

ಭಾರತ ಮತ್ತು ಕರ್ನಾಟಕ

ರಾಷ್ಟ್ರವ್ಯಾಪಿ ಸಮೀಕ್ಷೆಯೊಂದನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಹಿಂದೆ ನಡೆದ ಅಧ್ಯಯನದಲ್ಲಿ ಆಲ್ಝೈಮರ್ ಪ್ರಮಾಣ ಜಗತ್ತಿನಲ್ಲೇ ಅತಿ ಕಡಿಮೆ ಎನ್ನುವಷ್ಟಿತ್ತು. ಇ4 ಕೂಡ ಅಲ್ಲಿ ವಿರಳ. ಬಿಪಿ, ಸಕ್ಕರೆ, ಹೊಗೆ, ಓದಿನ ಕೊರತೆಗಳೇ ನಮ್ಮಲ್ಲಿ ಭಾರವಾದ ಅಪಾಯಗಳೆಂದು ಇದರಿಂದ ಊಹಿಸಬಹುದು.

ಓದು ಬರದವರ ಬುದ್ಧಿಯನ್ನು ಓದಿದವರಿಗಾಗಿ ಮಾಡಿದ ಪ್ರಶ್ನೆಗಳಿಂದ ಅಳೆಯಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷಾ ಕ್ರಮ ರೂಪಿಸಿದ್ದು ಇದಕ್ಕೇ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದದ್ದು ಜಗತ್ತಿನ ಗಮನ ಸೆಳೆಯಿತು: ಎರಡು ಭಾಷೆ ಆಡುವವರಿಗೆ ರೋಗ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಅಕ್ಷರ ಬಾರದವರಲ್ಲೂ.

ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಜನ ಹೇರಳವಾಗಿರುವ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲೇ ದೇಶದ ಬಹುಮುಖ್ಯ ಅಧ್ಯಯನವೊಂದು ನಡೆಯುತ್ತಿದೆ. ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ಕೊಟ್ಟ ದೇಣಿಗೆಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಎದ್ದ, ವಿಜಯಲಕ್ಷ್ಮಿ ರವೀಂದ್ರನಾಥ್ ಮೊದಲ ನಿರ್ದೇಶಕರಾಗಿ ಕಟ್ಟಿದ ಮಿದುಳು ಸಂಶೋಧನಾ ಕೇಂದ್ರ ಇದನ್ನು ನಡೆಸುತ್ತಿದೆ. ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ಸೇರಿಸಿಕೊಂಡು, ರಕ್ತ, ಜೀನ್, ನೆನಪು, ಮಿದುಳಿನ ಚಿತ್ರಗಳನ್ನು ವರ್ಷಗಳ ಕಾಲ ಮತ್ತೆ ಮತ್ತೆ ದಾಖಲಿಸುವುದು ಗುರಿ. ಹೋಲಿಕೆಗೆ ಬೆಂಗಳೂರು ನಗರದಲ್ಲಿ ಸುಮಾರು 1,000 ಮಂದಿಯ ಇನ್ನೊಂದು ಅಧ್ಯಯನವಿದೆ. ಇಂಥ ದಾಖಲೆಯ ಅಗತ್ಯ ಒಂದು ಸಣ್ಣ ಉದಾಹರಣೆಯಿಂದ ತಿಳಿಯುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರ ರಕ್ತದಲ್ಲಿ ಪಿ-ಟಾವ್ 217 ಏರಿರುತ್ತದೆ, ಬೊಜ್ಜಿರುವವರಲ್ಲಿ ಇಳಿದಿರಬಹುದು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರು ಇಷ್ಟೊಂದು ಇರುವ ನಾಡಿನಲ್ಲಿ, ಸ್ವೀಡನ್ನಿನಲ್ಲೋ ಅಮೆರಿಕದಲ್ಲೋ ಗೊತ್ತುಮಾಡಿದ ಗಡಿ ಅಂಕಿಯನ್ನು ಹಾಗೇ ಬಳಸಿದರೆ ಆರೋಗ್ಯವಂತರು ರೋಗಿಗಳ ಪಟ್ಟಿಗೆ ಸೇರಿಬಿಡಬಹುದು. ಇಲ್ಲಿಯ ಜನರಿಗೆ ಹೊಂದುವ ಗಡಿ ಗೊತ್ತಾಗಬೇಕಾದರೆ ಇಲ್ಲಿಯವರ ರಕ್ತ ಮತ್ತು ಮಿದುಳಿನ ಚಿತ್ರಗಳನ್ನೇ ಒಟ್ಟಿಗಿಟ್ಟು ನೋಡಬೇಕು. ಶ್ರೀನಿವಾಸಪುರದಲ್ಲಿ ಸಂಗ್ರಹವಾಗುತ್ತಿರುವುದು ಅಂಥ ಮಾಹಿತಿಯೇ.